ಹೈಡ್ರಾಲಿಕ್ ರಾಡ್ ಮೇಲಿನ ಸೆರಾಮಿಕ್ ಕೋಟಿಂಗ್ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಾವು ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಮಾಡುತ್ತೇವೆ. ಶಹಾಬಾದ್, ಚಿತ್ತಾಪುರ ಕಡೆಯ ಫರಸಿ ಖಣಿಗಳಿಂದ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಂದ, ಬೀದರ್ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಂದ, ಭೀಮಾ ದಂಡೆಯ ಟಿಪ್ಪರ್‌ಗಳಿಂದ ರಾಡ್‌ಗಳು, ಅಂದರೆ ಸಿಲಿಂಡರಿನಿಂದ ಒಳಗೆ ಹೊರಗೆ ಓಡುವ ಉಕ್ಕಿನ ದಂಡಗಳು, ಬರುತ್ತವೆ. ಈಚೆಗೆ "ಸೆರಾಮಿಕ್ ಮಾಡಿಸಿದ್ರೆ ಹೆಂಗ ಸರ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಕೋಟಿಂಗ್ ಕೆಲಸ ನಮ್ಮದಲ್ಲ, ಅದಕ್ಕೆ ಹೊರಗೆ ಕಳಿಸುತ್ತೇವೆ. ಆದರೆ ವಾಪಸ್ ಬಂದ ರಾಡನ್ನು ಅಳೆದು, ಪರೀಕ್ಷೆ ಮಾಡಿ, ಸೀಲ್ (ಎಣ್ಣೆ ಸೋರದಂತೆ ರಾಡ್ ಸುತ್ತ ಕೂರುವ ಉಂಗುರ) ಹಾಕಿ ಕೂಡಿಸುವವರು ನಾವೇ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಸೆರಾಮಿಕ್ ಅಂದರೆ ಚಹಾ ಕಪ್ಪಿನ ಪಿಂಗಾಣಿನಾ?

ಅದೇ ಬಳಗದ್ದು, ಆದರೆ ಬೇರೆ ಜಾತಿ. ರಾಡ್‌ಗೆ ಬಳಸುವುದು ಹೆಚ್ಚಾಗಿ ಕ್ರೋಮಿಯಂ ಆಕ್ಸೈಡ್, ಇಲ್ಲವೆ ಅಲ್ಯುಮಿನಾ ಮತ್ತು ಟೈಟಾನಿಯಾ ಬೆರೆಸಿದ ಪುಡಿ. ಪ್ಲಾಸ್ಮಾ ಜ್ವಾಲೆಯಲ್ಲಿ ಈ ಪುಡಿ ಕರಗಿ, ಹನಿಹನಿಯಾಗಿ ರಾಡಿಗೆ ಬಡಿದು, ಚಪ್ಪಟೆಯಾಗಿ ಕೂರುತ್ತದೆ. ಹಳ್ಳಿಯಲ್ಲಿ ಗೋಡೆಗೆ ಕುಳ್ಳು ತಟ್ಟುವುದನ್ನು ನೋಡಿದ್ದೀರಲ್ವಾ? ಅದೇ ರೀತಿ. ಒಂದರ ಮೇಲೊಂದು ತಟ್ಟುತ್ತಾ ಹೋದರೂ ನಡುನಡುವೆ ಸಣ್ಣ ಸಂದು ಉಳಿಯುತ್ತದೆ. ಈ ಸಂದುಗಳ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಅದೇ ಬರುತ್ತದೆ.

ಉಕ್ಕಿಗೂ ಸೆರಾಮಿಕ್‌ಗೂ ನೇರವಾಗಿ ಹೊಂದುವುದಿಲ್ಲ. ಅದಕ್ಕೆ ಮೊದಲು ನಿಕ್ಕಲ್-ಕ್ರೋಮ್‌ನಂಥ ಒಂದು ತೆಳು ಬಾಂಡ್ ಕೋಟ್ ಹಾಕುತ್ತಾರೆ. ಎಲ್ಲಾ ಸೇರಿ ದಪ್ಪ ಸಾಮಾನ್ಯವಾಗಿ 150ರಿಂದ 300 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಕೊನೆಗೆ ಸಂದುಗಳಿಗೆ ರೆಸಿನ್ ಸೀಲರ್ ಕುಡಿಸಿ, ಡೈಮಂಡ್ ವೀಲ್‌ನಲ್ಲಿ ಗ್ರೈಂಡ್ ಮಾಡುತ್ತಾರೆ.

ಎಚ್‌ವಿಒಎಫ್ (ಪುಡಿಯನ್ನು ಬಹಳ ವೇಗದ ಜ್ವಾಲೆಯಲ್ಲಿ ಎಸೆಯುವ) ಯಂತ್ರದಲ್ಲಿ ಹೊಡೆಯುವ ಟಂಗ್‌ಸ್ಟನ್ ಕಾರ್ಬೈಡನ್ನೂ ಕೆಲವರು ಸೆರಾಮಿಕ್ ಅನ್ನುತ್ತಾರೆ. ಅದರಲ್ಲಿ ಕೋಬಾಲ್ಟ್, ಕ್ರೋಮ್ ಲೋಹಗಳು ಕೂಡಿರುತ್ತವೆ, ಗುಣವೂ ಬೇರೆ. ಬಿಲ್ ಮಾಡಿಸುವ ಮೊದಲು ಯಾವುದು ಅಂತ ಬಾಯಿಬಿಟ್ಟು ಕೇಳಿ.

ಹಾರ್ಡ್ ಕ್ರೋಮ್ ಇರುವಾಗ ಇದು ಯಾಕೆ?

ಹಾರ್ಡ್ ಕ್ರೋಮ್ ಅಂದರೆ ತೊಟ್ಟಿಯಲ್ಲಿ ಕರೆಂಟ್ ಹರಿಸಿ ರಾಡಿಗೆ ಕೂರಿಸುವ ಕ್ರೋಮಿಯಂ ಲೇಪ. ಅದು ಕೆಟ್ಟದ್ದಲ್ಲ. ಒಣ ಜಾಗದಲ್ಲಿ ದಿನಾ ಓಡುವ ಯಂತ್ರಕ್ಕೆ ಇವತ್ತಿಗೂ ಅದೇ ಸಾಕು. ಆದರೆ ಕ್ರೋಮ್ ದಪ್ಪ ಸಾಮಾನ್ಯವಾಗಿ 20-25 ಮೈಕ್ರಾನ್ ಮಾತ್ರ, ಅದರಲ್ಲಿ ಕೂದಲಿಗಿಂತ ಸಣ್ಣ ಬಿರುಕುಗಳು ಹುಟ್ಟಿನಿಂದಲೇ ಇರುತ್ತವೆ. ನೀರು ಆ ಬಿರುಕಿನಿಂದ ಇಳಿದು ಉಕ್ಕಿಗೆ ಜಂಗು ಹಿಡಿಸುತ್ತದೆ. ವರ್ಷವಿಡೀ ನೀರು, ತೇವದಲ್ಲಿ ನಿಲ್ಲುವ ರಾಡಿಗೆ ಅದು ಸಾಲುವುದಿಲ್ಲ.

ಇನ್ನೊಂದು ಕಾರಣ ಮನುಷ್ಯರದ್ದು. ಕ್ರೋಮ್ ತೊಟ್ಟಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ವರ್ಷಗಟ್ಟಲೆ ಅದರ ಹಬೆಯಲ್ಲಿ ನಿಂತವರಿಗೆ ಮೂಗಿನ ನಡುವಿನ ಗೋಡೆ ತೂತು ಬೀಳುವುದೂ ಉಂಟು. ಆ ಕೆಲಸ ಮಾಡುವ ಹುಡುಗರ ಬಗ್ಗೆ ನಾವು ಯೋಚನೆ ಮಾಡಲೇಬೇಕು.

ಗಡಸುತನ ಎಷ್ಟು ಅಂತ ಹೇಳಿಬಿಡಿ, ಅಷ್ಟು ಸಾಕಲ್ವಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಸಾಕಾಗುವುದಿಲ್ಲ ಅಂತ ನಾವು ಪ್ರತಿ ಸಲ ಹೇಳುತ್ತೇವೆ.

ಒಂದು ರಾಡ್ ಕಥೆ ಕೇಳಿ. ಬೀದರ್ ಕಡೆಯ ಒಂದು ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಯಂತ್ರದ ಸಿಲಿಂಡರ್. ಬೇರೆ ಕಡೆ ಸೆರಾಮಿಕ್ ಮಾಡಿಸಿದ್ದರು. ಕಾಗದದಲ್ಲಿ ಗಡಸುತನ 1150 ವಿಕರ್ಸ್ (ವಜ್ರದ ಮೊನೆ ಒತ್ತಿ, ಬಿದ್ದ ಗುರುತು ಅಳೆದು ಹೇಳುವ ಅಂಕಿ) ಅಂತ ಬರೆದಿತ್ತು, ಅದು ಸುಳ್ಳೂ ಆಗಿರಲಿಲ್ಲ. ಹಂಗಾಮು ಮುಗಿದ ಮೇಲೆ ಯಂತ್ರ ಬಯಲಲ್ಲೇ ನಿಂತಿತ್ತು, ರಾಡ್ ಹೊರಗೆ ಚಾಚಿಕೊಂಡು. ಎರಡು ಮಳೆಗಾಲ ಹಾಗೇ ಕಳೆಯಿತು. ನಮ್ಮ ಬಳಿ ಬಂದಾಗ ಗ್ಲಾಂಡ್, ಅಂದರೆ ಸೀಲ್ ಕೂರುವ ಸಿಲಿಂಡರಿನ ಬಾಯಿಯ ಮುಚ್ಚಳ, ಬಿಚ್ಚಿದೆವು. ಸೀಲ್ ತುಟಿಯಲ್ಲಿ ಕಪ್ಪು ಹರಳು ಸಿಕ್ಕಿಕೊಂಡಿತ್ತು, ಬೆರಳಲ್ಲಿ ಉಜ್ಜಿದರೆ ಕಿರಕಿರ ಅನ್ನುತ್ತಿತ್ತು. ರಾಡ್ ತುದಿಯ ಮೆಟ್ಟಿಲಿನ (ವ್ಯಾಸ ಒಮ್ಮೆಲೇ ಕಿರಿದಾಗುವ ಜಾಗ) ಹತ್ತಿರ ಕೋಟಿಂಗ್ ಸ್ವಲ್ಪ ಉಬ್ಬಿತ್ತು. ಉಗುರು ಹಾಕಿದ ಕೂಡಲೇ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಚಕ್ಕೆಯ ಒಳಮೈ ಪೂರ್ತಿ ಕೆಂಪು ಜಂಗು. "ಗಟ್ಟಿ ಅಂದಿದ್ರಲ್ಲ ಸರ, ಯಾಕ ಹಿಂಗಾತು?" ಅಂದರು ಜೊತೆಗೆ ಬಂದಿದ್ದ ಫಿಟ್ಟರ್. ಆ ಚಕ್ಕೆ ನಿಜಕ್ಕೂ ಗಟ್ಟಿಯೇ ಇತ್ತು, ಗಾಜಿನ ಮೇಲೆ ಗೀರು ಎಳೆಯುತ್ತಿತ್ತು. ಮೆಟ್ಟಿಲಿನ ಮೂಲೆಗೆ ಸೀಲರ್ ಸರಿಯಾಗಿ ಕೂತಿರಲಿಲ್ಲ, ನೀರು ಅಲ್ಲಿಂದ ಇಳಿದಿತ್ತು. ಕೋಟಿಂಗ್ ಸವೆದು ಹೋಗುವುದನ್ನು ನಾವು ಕಂಡದ್ದು ಕಡಿಮೆ. ಕೆಳಗಿನ ಉಕ್ಕು ಜಂಗು ಹಿಡಿದು ಅದನ್ನು ಎತ್ತಿ ಬಿಸಾಕುವುದನ್ನೇ ಕಂಡಿದ್ದೇವೆ.

ಹಾಗಂತ ಗಡಸುತನ ಅಳೆಯುವುದು ಬೇಡ ಅಂತಲ್ಲ. ನಮ್ಮ ಸುಣ್ಣದ ಕಲ್ಲಿನ ಧೂಳು ಮೊಹ್ಸ್ ಅಳತೆಯಲ್ಲಿ 3 ಮಾತ್ರ, ಅದು ಕ್ರೋಮ್‌ಗೂ ಗೀರು ಹಾಕಲಾರದು. ನದಿ ಮರಳಿನ ಕ್ವಾರ್ಟ್ಜ್ 7. ಅದು ಕ್ರೋಮ್‌ಗೆ ಸರಿಸಮ ಅನ್ನುವಷ್ಟು ಗಡಸು. ಮರಳಿನ ನಡುವೆ ಓಡುವ ರಾಡಿಗೆ ಕ್ರೋಮಿಯಂ ಆಕ್ಸೈಡ್‌ನ ಹೆಚ್ಚಿನ ಗಡಸುತನ ಖಂಡಿತ ಉಪಯೋಗ.

ಆದರೆ ಅಳೆಯುವ ರೀತಿ ಸರಿ ಇರಬೇಕು. ರಾಡನ್ನು ಸೀದಾ ರಾಕ್‌ವೆಲ್ ಯಂತ್ರದಲ್ಲಿ ಇಟ್ಟು 150 ಕಿಲೋ ಒತ್ತಿದರೆ ಅದು ಹಾಸಿಗೆ ಮೇಲೆ ಹಪ್ಪಳ ಇಟ್ಟು ಒತ್ತಿದ ಹಾಗೆ. ಹಪ್ಪಳ ಒಡೆಯುತ್ತದೆ, ನೀವು ಅಳೆದದ್ದು ಹಾಸಿಗೆಯನ್ನು. ಸರಿಯಾದ ಕ್ರಮ ಹೀಗಿದೆ: ತುಂಡನ್ನು ಅಡ್ಡ ಕೊಯ್ದು, ರೆಸಿನ್‌ನಲ್ಲಿ ಕೂರಿಸಿ, ಪಾಲಿಶ್ ಮಾಡಿ, ಕೋಟಿಂಗಿನ ದಪ್ಪದ ಮೇಲೆ 300 ಗ್ರಾಂ ಭಾರದಲ್ಲಿ ವಿಕರ್ಸ್ ಗುರುತು ಹಾಕುವುದು. 1000 ವಿಕರ್ಸ್ ಇದ್ದರೆ ಆ ಗುರುತು ಸುಮಾರು 24 ಮೈಕ್ರಾನ್ ಅಗಲ ಬರುತ್ತದೆ. 200 ಮೈಕ್ರಾನ್ ಸೆರಾಮಿಕ್‌ನಲ್ಲಿ ಆರಾಮಾಗಿ ಕೂರುತ್ತದೆ. 25 ಮೈಕ್ರಾನ್ ಕ್ರೋಮ್‌ನಲ್ಲಿ ಕೂರುವುದಿಲ್ಲ, ಅದಕ್ಕೆ ಇನ್ನೂ ಕಡಿಮೆ ಭಾರ ಬೇಕು. ಒಂದೇ ಗುರುತಿನ ಅಂಕಿ ಕೊಟ್ಟರೆ ಒಪ್ಪಬೇಡಿ. ಗುರುತು ಸಂದಿನ ಮೇಲೆ ಬಿದ್ದರೆ ಕಡಿಮೆ ಬರುತ್ತದೆ, ಗಟ್ಟಿ ಜಾಗದಲ್ಲಿ ಬಿದ್ದರೆ ಜಾಸ್ತಿ. ಹತ್ತು ಗುರುತು ಹಾಕಿಸಿ, ಎಲ್ಲಾ ಅಂಕಿಗಳನ್ನೂ ಕೇಳಿ.

ನಮ್ಮಲ್ಲಿ ಸಮುದ್ರವೇ ಇಲ್ಲ. ಉಪ್ಪು ಮಂಜಿನ ಪರೀಕ್ಷೆ ಯಾಕೆ ಮಾಡಿಸಬೇಕು?

ಸಮುದ್ರ ಇಲ್ಲ, ಆದರೆ ಪೊಟ್ಯಾಶ್ ಗೊಬ್ಬರ ಇದೆ, ಅದೂ ಕ್ಲೋರೈಡೇ. ಕಬ್ಬಿನ ಹಾಲು ಹುಳಿ. ಕೆಲವು ಬೋರ್‌ವೆಲ್ ನೀರನ್ನು ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ ಎಷ್ಟು ಉಪ್ಪು ಅಂತ. ಎಲ್ಲಕ್ಕಿಂತ ಮುಖ್ಯವಾಗಿ ಈ ಪರೀಕ್ಷೆ ಕೋಟಿಂಗಿನ ಸಂದುಗಳನ್ನು ಹುಡುಕಿ ಕೊಡುತ್ತದೆ. ಎಲ್ಲಿ ತೂತಿದೆಯೋ ಅಲ್ಲಿ ಕೆಂಪು ಚುಕ್ಕೆ ಏಳುತ್ತದೆ.

ಎಎಸ್‌ಟಿಎಂ ಬಿ117 ಮತ್ತು ಐಎಸ್‌ಒ 9227 ಇದರ ಮಾನದಂಡಗಳು. ಮುಚ್ಚಿದ ಪೆಟ್ಟಿಗೆಯಲ್ಲಿ 35 ಡಿಗ್ರಿ ಸೆಲ್ಸಿಯಸ್, ಶೇ 5ರ ಉಪ್ಪು ನೀರಿನ ಮಂಜು, ಪಿಎಚ್ 6.5ರಿಂದ 7.2. ಮಂಜು ಸಮನಾಗಿ ಬೀಳುತ್ತಿದೆಯಾ ಅಂತ ನೋಡಲು ಒಳಗೆ ಲಾಳಿಕೆ ಇಟ್ಟು, 80 ಚದರ ಸೆಂಟಿಮೀಟರಿಗೆ ಗಂಟೆಗೆ 1ರಿಂದ 2 ಮಿಲಿಲೀಟರ್ ಕೂಡುತ್ತಿದೆಯಾ ಅಂತ ಅಳೆಯುತ್ತಾರೆ.

ನಮ್ಮ ಊರಿಗೇ ಸೇರಿದ ಒಂದು ತೊಂದರೆ ಇದರಲ್ಲಿದೆ. ಈ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಹೀಟರ್ ಇರುತ್ತದೆ, ತಂಪು ಮಾಡುವ ವ್ಯವಸ್ಥೆ ಇರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ದಾಟಿದಾಗ ತಗಡಿನ ಶೆಡ್ಡಿನಲ್ಲಿಟ್ಟ ಪೆಟ್ಟಿಗೆ 35ಕ್ಕೆ ನಿಲ್ಲುವುದು ಹೇಗೆ? ಎಸಿ ಕೋಣೆ ಬೇಕೇ ಬೇಕು. ಬೇಸಿಗೆಯಲ್ಲಿ ಮಾಡಿದ ವರದಿಯಾದರೆ ದಿನದಿನದ ಉಷ್ಣಾಂಶದ ದಾಖಲೆ ಕೇಳಿ. ಹಾಗೆಯೇ ಉಪ್ಪು ಕಲಸುವ ನೀರು ಡಿಅಯೊನೈಸ್ಡ್ ಆಗಿರಬೇಕು, ಉಪ್ಪೂ ಶುದ್ಧ ಸೋಡಿಯಂ ಕ್ಲೋರೈಡ್ ಆಗಿರಬೇಕು. ನಲ್ಲಿ ನೀರು, ಅಡುಗೆ ಉಪ್ಪು ನಡೆಯುವುದಿಲ್ಲ.

ಕೊಯ್ದ ತುದಿಗಳಿಗೆ ಮೇಣ ಅಥವಾ ಟೇಪ್ ಹಚ್ಚದೆ ಇಟ್ಟರೆ ಅಲ್ಲಿಂದ ಜಂಗು ಸೋರಿ ಕೋಟಿಂಗ್ ಮೇಲೆ ಹರಿಯುತ್ತದೆ. ಒಳ್ಳೆಯ ಕೋಟಿಂಗ್ ಸುಮ್ನೆ ಫೇಲ್ ಆದ ಹಾಗೆ ಕಾಣುತ್ತದೆ. ಅದರ ವಿರುದ್ಧದ ಆಟವೂ ಇದೆ: ಮೆಟ್ಟಿಲು, ಅಂಚು ಎಲ್ಲವನ್ನೂ ಟೇಪಿನಿಂದ ಮುಚ್ಚಿ ನಡುಭಾಗ ಮಾತ್ರ ತೋರಿಸುವುದು. ನಿಮ್ಮ ರಾಡ್ ಕೆಡುವುದು ಅಂಚಿನಲ್ಲೇ. ಹಾಗಾಗಿ ಅಂಚು ತೆರೆದಿಟ್ಟ ಒಂದು ತುಂಡು ಇರಲಿ.

1000 ಗಂಟೆ ಪಾಸ್ ಅಂದರೆ ಎಷ್ಟು ವರ್ಷ ಬಾಳಿಕೆ?

ಆ ಲೆಕ್ಕ ಇಲ್ಲ. ಗಂಟೆಯನ್ನು ವರ್ಷಕ್ಕೆ ತಿರುಗಿಸುವ ಸೂತ್ರ ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಕೋಟಿಂಗ್ ಪಕ್ಕಪಕ್ಕ ಇಟ್ಟು, ಒಂದೇ ಪೆಟ್ಟಿಗೆಯಲ್ಲಿ, ಯಾವುದರಲ್ಲಿ ಮೊದಲು ಚುಕ್ಕೆ ಬಂತು ಅಂತ ನೋಡಲು ಮಾತ್ರ ಇದು ಯೋಗ್ಯ. ನಾವು ಯಾವಾಗಲೂ ಜೊತೆಗೆ ಒಂದು ಹಾರ್ಡ್ ಕ್ರೋಮ್ ತುಂಡು ಇಡಿಸುತ್ತೇವೆ. ಫಲಿತಾಂಶವನ್ನು ಬರೀ "ಪಾಸ್" ಅಂತ ಬರೆಯಿಸಬೇಡಿ. ಐಎಸ್‌ಒ 10289ರಲ್ಲಿ 10ರಿಂದ 0ವರೆಗೆ ಅಂಕ ಇದೆ. 10 ಅಂದರೆ ಒಂದೂ ಚುಕ್ಕೆ ಇಲ್ಲ.

ತೂತು ಹುಡುಕುವ ಪರೀಕ್ಷೆ ನಮ್ಮ ವರ್ಕ್‌ಶಾಪಿನಲ್ಲೇ ಆಗುತ್ತದಾ?

ಆಗುತ್ತದೆ, ಖರ್ಚೂ ಕಡಿಮೆ. ನಮಗೆ ತುಂಬಾ ಇಷ್ಟದ ಪರೀಕ್ಷೆ ಇದು.

ಫೆರಾಕ್ಸಿಲ್ ಅಂತ ಹೆಸರು. ಪೊಟ್ಯಾಸಿಯಂ ಫೆರಿಸೈನೈಡ್ ಮತ್ತು ಉಪ್ಪು ಕಲಸಿದ ನೀರಿನಲ್ಲಿ ಫಿಲ್ಟರ್ ಕಾಗದ ಅದ್ದಿ, ಎಣ್ಣೆ ಜಿಡ್ಡು ತೆಗೆದ ಕೋಟಿಂಗ್ ಮೇಲೆ ಗಾಳಿಗುಳ್ಳೆ ಇಲ್ಲದ ಹಾಗೆ ಹಾಸಬೇಕು. ಸ್ವಲ್ಪ ಹೊತ್ತು ಬಿಡಿ. ದ್ರಾವಣ ಎಲ್ಲಿ ಉಕ್ಕಿನ ತನಕ ಇಳಿಯಿತೋ ಅಲ್ಲಿ ಕಾಗದದ ಮೇಲೆ ನೀಲಿ ಚುಕ್ಕೆ ಮೂಡುತ್ತದೆ. ಕಾಗದ ಎತ್ತಿ ಒಣಗಿಸಿ, ರಾಡ್ ನಂಬರ್ ಬರೆದು ಫೈಲಿನಲ್ಲಿಡಿ. ಅದು ಆ ರಾಡಿನ ಜಾತಕ. ನಡುಭಾಗದಲ್ಲಿ ಒಂದೂ ಚುಕ್ಕೆ ಇಲ್ಲದೆ, ಮೆಟ್ಟಿಲಿನ ಸುತ್ತ ಮಾತ್ರ ನೀಲಿ ಉಂಗುರ ಬಂದ ಕಾಗದವೂ ನಮ್ಮ ಬಳಿ ಇದೆ. ನೋಡಿದ ಕೂಡಲೇ ಯಾರಿಗೂ ವಿವರಿಸಬೇಕಾಗಿಲ್ಲ.

ಮೈಲುತುತ್ತದ ನೀರೂ ಇದೇ ಕೆಲಸ ಮಾಡುತ್ತದೆ. ಉಕ್ಕು ತೆರೆದಿರುವ ಕಡೆ ತಾಮ್ರದ ಕೆಂಪು ಕೂರುತ್ತದೆ. ಬೀದರಿನವರಿಗೆ ಇದು ಹೊಸದಲ್ಲ. ಬಿದರಿ ಕೆಲಸದವರು ಚಿತ್ತಾರ ಕೊರೆಯುವ ಮೊದಲು ಸತುವಿನ ಪಾತ್ರೆಗೆ ಮೈಲುತುತ್ತ ಉಜ್ಜಿ ಕಪ್ಪು ಮಾಡಿಕೊಳ್ಳುತ್ತಾರೆ, ಗೆರೆ ಚೆನ್ನಾಗಿ ಕಾಣಲಿ ಅಂತ. ಲೋಹ ಬಿಟ್ಟು ತಾಮ್ರ ಕೂರುವ ಅದೇ ಗುಣ ಇಲ್ಲಿಯೂ.

ಎರಡು ಎಚ್ಚರಿಕೆ. ಫೆರಿಸೈನೈಡ್ ಹತ್ತಿರ ಆಸಿಡ್ ತರಲೇಬಾರದು, ವಿಷದ ಗ್ಯಾಸ್ ಏಳಬಹುದು. ಕೈಗೆ ಗ್ಲೌಸ್ ಹಾಕಿ. ಇನ್ನೊಂದು, ದ್ರಾವಣ ಸಂದಿನಲ್ಲಿ ಉಳಿದರೆ ಅದೇ ಜಂಗಿಗೆ ದಾರಿ. ಹಾಗಾಗಿ ಜೊತೆಯಲ್ಲೇ ಕೋಟಿಂಗ್ ಮಾಡಿದ ಮಾದರಿ ತುಂಡಿನ ಮೇಲೆ ಮಾಡುವುದು ಲೇಸು. ರಾಡಿನ ಮೇಲೇ ಮಾಡಿದರೆ ಚೆನ್ನಾಗಿ ತೊಳೆದು ಒಣಗಿಸಿ.

ಕೋಟಿಂಗ್ ಎಷ್ಟು ಗಟ್ಟಿಯಾಗಿ ಅಂಟಿದೆ ಅಂತ ತಿಳಿಯುವುದು ಹೇಗೆ?

ಎಎಸ್‌ಟಿಎಂ ಸಿ633 ಅನ್ನುವ ಎಳೆಯುವ ಪರೀಕ್ಷೆ ಇದೆ. ಒಂದು ಇಂಚು ವ್ಯಾಸದ ಬಿಲ್ಲೆಗೆ ಕೋಟಿಂಗ್ ಮಾಡಿ, ಮೇಲೆ ಇನ್ನೊಂದು ಬಿಲ್ಲೆಯನ್ನು ಎಪಾಕ್ಸಿಯಿಂದ ಅಂಟಿಸಿ, ಕಿತ್ತು ಬರುವ ತನಕ ಎಳೆಯುತ್ತಾರೆ. 50 ಎಂಪಿಎ (ಮೆಗಾಪ್ಯಾಸ್ಕಲ್) ಅಂದರೆ ಆ ಒಂದು ಇಂಚಿನ ಬಿಲ್ಲೆಗೆ ಸುಮಾರು ಎರಡೂವರೆ ಟನ್ ಎಳೆತ. ಐದು ಬಿಲ್ಲೆ ಮಾಡಿಸಬೇಕು.

ಅಂಕಿಗಿಂತ ಎಲ್ಲಿ ಬಿಟ್ಟಿತು ಅನ್ನುವುದನ್ನು ನೋಡಿ. ಎಪಾಕ್ಸಿಯೇ ಬಿಟ್ಟಿದ್ದರೆ ಕೋಟಿಂಗ್ ಅದಕ್ಕಿಂತ ಗಟ್ಟಿ ಅಂತಷ್ಟೇ ಅರ್ಥ. ಉಕ್ಕಿನ ಮೈಯಿಂದಲೇ ಪೂರ್ತಿ ಎದ್ದು ಬಂದಿದ್ದರೆ ಗ್ರಿಟ್ ಬ್ಲಾಸ್ಟಿಂಗ್ (ಹರಳು ಹೊಡೆದು ಮೈ ಒರಟು ಮಾಡುವುದು) ಸರಿಯಾಗಿಲ್ಲ, ಇಲ್ಲವೆ ಜಿಡ್ಡು ಉಳಿದಿತ್ತು. ಸೆರಾಮಿಕ್ ನಡುವೆಯೇ ಸೀಳಿದ್ದರೆ ಹನಿಗಳು ಸರಿಯಾಗಿ ಕರಗಿಲ್ಲ.

ಒಂದು ಮೋಸದ ಜಾಗ ಇದೆ. ಕೋಟಿಂಗ್ ತೆಳುವಿದ್ದರೆ ಎಪಾಕ್ಸಿ ಸಂದುಗಳಲ್ಲಿ ಇಳಿದು ಉಕ್ಕನ್ನೇ ಹಿಡಿದುಬಿಡುತ್ತದೆ. ಆಗ ಅಂಟಿನ ಬಲವನ್ನೇ ಕೋಟಿಂಗಿನ ಬಲ ಅಂದುಕೊಳ್ಳುತ್ತೇವೆ. ಅದಕ್ಕೇ ಮಾನದಂಡದಲ್ಲಿ ಬಿಲ್ಲೆಯ ಮೇಲಿನ ಕೋಟಿಂಗ್ 0.38 ಮಿಲಿಮೀಟರಿಗಿಂತ ದಪ್ಪ ಇರಬೇಕು ಅಂತ ಇದೆ. 150 ಮೈಕ್ರಾನ್ ಬಿಲ್ಲೆಯ ವರದಿ ಕೊಟ್ಟರೆ ಇದನ್ನು ಕೇಳಿ.

ದಪ್ಪ ಅಳೆಯಲು ಕ್ರೋಮ್ ಗೇಜ್ ನಡೆಯುತ್ತದಾ?

ಉಕ್ಕಿನ ಮೇಲಿನ ಸೆರಾಮಿಕ್‌ಗೆ ಆಯಸ್ಕಾಂತದ ಗೇಜ್ ನಡೆಯುತ್ತದೆ. ಆದರೆ ಸಪಾಟು ತಗಡಿನ ಮೇಲೆ ಝೀರೋ ಮಾಡಿ ದುಂಡು ರಾಡ್ ಅಳೆದರೆ ತಪ್ಪು ಬರುತ್ತದೆ. ಅದೇ ವ್ಯಾಸದ, ಅದೇ ಉಕ್ಕಿನ ಬರಿ ತುಂಡಿನ ಮೇಲೆ ಝೀರೋ ಮಾಡಿ. ನಿಕ್ಕಲ್-ಕ್ರೋಮ್ ಬಾಂಡ್ ಕೋಟ್ ಕೂಡ ಅದರಲ್ಲೇ ಸೇರಿ ಬರುತ್ತದೆ, ಬೇರೆ ಮಾಡಿ ಹೇಳುವುದಿಲ್ಲ. ಅದು ಬೇಕಾದರೆ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ರಾಡಿನ ಎರಡು ತುದಿ ಮತ್ತು ನಡುವೆ, ಪ್ರತಿ ಜಾಗದಲ್ಲಿ ಗಡಿಯಾರದ 12, 3, 6, 9 ಗಂಟೆಯ ದಿಕ್ಕಿನಲ್ಲಿ ಅಳೆಯಿರಿ. ಗ್ರೈಂಡಿಂಗಿನಲ್ಲಿ ರಾಡ್ ಸೆಂಟರ್ ತಪ್ಪಿದ್ದರೆ ಒಂದು ಕಡೆ 250, ಎದುರು ಕಡೆ 120 ಬರಬಹುದು. ಮೈಕ್ರೋಮೀಟರಿನಲ್ಲಿ ವ್ಯಾಸ ಮಾತ್ರ ಸರಿಯಾಗಿಯೇ ಇರುತ್ತದೆ! 50 ಮಿಲಿಮೀಟರ್ ಎಫ್7 (ವ್ಯಾಸ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅನ್ನುವ ಮಿತಿಯ ಹೆಸರು) ರಾಡ್ ಆದರೆ ವ್ಯಾಸ 49.950ರಿಂದ 49.975ರ ಒಳಗೆ. ಅದು ನೋಡಿ ಸಮಾಧಾನ ಪಟ್ಟು ದಪ್ಪ ಬಿಟ್ಟುಬಿಟ್ಟವರು ಬಹಳ ಜನ.

ನುಣುಪು ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಅಲ್ಲ. ಕನ್ನಡಿಯಂತೆ ನುಣುಪಾದರೆ ಎಣ್ಣೆ ನಿಲ್ಲುವುದಿಲ್ಲ, ಸೀಲ್ ಒಣಗಿ ಕಿರಿಚುತ್ತದೆ. ಒರಟಾದರೆ ಅರದ ಹಾಗೆ ಸೀಲನ್ನು ತಿನ್ನುತ್ತದೆ. ಆರ್‌ಎ (ಒರಟುತನದ ಸರಾಸರಿ ಅಳತೆ) 0.1ರಿಂದ 0.3 ಮೈಕ್ರಾನ್ ಸುತ್ತ ಇದ್ದರೆ ಹೆಚ್ಚಿನ ಸೀಲ್‌ಗಳಿಗೆ ಹೊಂದುತ್ತದೆ, ಆದರೂ ಸೀಲ್ ಕಂಪನಿಯ ಪುಸ್ತಕ ನೋಡಿ. ಸೆರಾಮಿಕ್‌ನಲ್ಲಿ ಆರ್‌ಎ ಒಂದೇ ಸಾಲದು. ಮೇಲೆ ಸಪಾಟಾಗಿದ್ದು ಅಲ್ಲೊಂದು ಇಲ್ಲೊಂದು ಗುಂಡಿ ಇದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಏರು ತಗ್ಗಿನ ಎತ್ತರ ಹೇಳುವ ಆರ್‌ಝಡ್ ಕೂಡ ಬರೆಯಿಸಿ. ಅಳತೆ ರಾಡಿನ ಉದ್ದಕ್ಕೆ ಇರಲಿ, ಸೀಲ್ ಓಡುವುದು ಆ ದಿಕ್ಕಿನಲ್ಲಿ.

ನಮ್ಮ ಬಿಸಿಲಿಗೆ ಕೋಟಿಂಗ್ ಬಿಡುತ್ತದಾ?

ಬಿಸಿಲಿಗೆ ಬಿಡುವುದಿಲ್ಲ. ಉಕ್ಕು ಅಲ್ಯುಮಿನಾಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ ನಿಜ, ಆದರೆ ಕೋಟಿಂಗ್ ಹೊಡೆಯುವಾಗಲೇ ರಾಡ್ ನಮ್ಮ ಬಿಸಿಲಿಗಿಂತ ಹೆಚ್ಚು ಕಾದಿರುತ್ತದೆ.

ಖಣಿಯ ಎಕ್ಸ್‌ಕವೇಟರ್‌ಗೆ ಹಾಕಿಸಬಹುದಾ?

ನಾವು ಬೇಡ ಅನ್ನುತ್ತೇವೆ. ಇದನ್ನು ಹೇಳಿ ಆರ್ಡರ್ ಕಳೆದುಕೊಂಡಿದ್ದೇವೆ, ಆದರೂ ಅದನ್ನೇ ಹೇಳುತ್ತೇವೆ. ಸೆರಾಮಿಕ್ ಗಡಸು, ಆದರೆ ಪೆಟ್ಟಿಗೆ ಒಡೆಯುವಂಥದ್ದು. ಫರಸಿ ಚಪ್ಪಡಿಯ ಮೂಲೆ ಬಂದು ಬಡಿದರೆ ಕ್ರೋಮ್ ತಗ್ಗುತ್ತದೆ, ಸೆರಾಮಿಕ್ ಚಕ್ಕೆ ಎದ್ದುಬಿಡುತ್ತದೆ. ಅಂಥ ಕಡೆ ಕ್ರೋಮ್ ಅಥವಾ ಟಂಗ್‌ಸ್ಟನ್ ಕಾರ್ಬೈಡ್ ಮಾಡಿಸಿ. ನಂಬಿಕೆ ಬಾರದಿದ್ದರೆ ಮಾದರಿ ತುಂಡಿನ ಮೇಲೆ ಒಂದು ಮೀಟರ್ ಎತ್ತರದಿಂದ ಉಕ್ಕಿನ ಗುಂಡು ಬೀಳಿಸಿ, ಬಿದ್ದ ಜಾಗಕ್ಕೆ ಫೆರಾಕ್ಸಿಲ್ ಕಾಗದ ಹಾಸಿ ನೋಡಿ.

ಸೆರಾಮಿಕ್‌ಗೆ ಸರಿಯಾದ ಜಾಗ ನೀರು. ಅಣೆಕಟ್ಟು, ಬ್ಯಾರೇಜ್ ಗೇಟುಗಳ ಉದ್ದನೆಯ ರಾಡ್, ನಿಧಾನವಾಗಿ ಚಲಿಸುವುದು, ತಿಂಗಳುಗಟ್ಟಲೆ ಒದ್ದೆಯಲ್ಲಿ ನಿಲ್ಲುವುದು. ಜಗತ್ತಿನ ಬೇರೆ ಕಡೆ ಇದು ಹೆಸರು ಮಾಡಿದ್ದೇ ಅಂಥ ಗೇಟುಗಳಲ್ಲಿ. ಆದರೆ ಉದ್ದ ರಾಡ್ ತನ್ನ ಭಾರಕ್ಕೇ ಬಾಗುತ್ತದೆ, ಬಾಗಿದ ಹೊರಮೈಯಲ್ಲಿ ಕೋಟಿಂಗ್ ಹಿಗ್ಗಬೇಕಾಗುತ್ತದೆ. ಉಕ್ಕಿನಲ್ಲಿ 200 ಎಂಪಿಎ ಒತ್ತಡ ಬಂದರೆ ಶೇ 0.1ರಷ್ಟು ಹಿಗ್ಗು. ಹಾಗಾಗಿ ಗೇಟಿನ ರಾಡಿಗೆ ಬಾಗಿಸುವ ಪರೀಕ್ಷೆ ಬಿಡಲೇಬಾರದು. ಬಾಗಿಸಿದ ಪಟ್ಟಿಯನ್ನು ಆಮೇಲೆ ಉಪ್ಪು ಮಂಜಿನಲ್ಲಿ ಇಡಿಸಿ. ಕಣ್ಣಿಗೆ ಕಾಣದ ಬಿರುಕು ಅಲ್ಲಿ ಕಾಣುತ್ತದೆ.

ಸಿಲಿಂಡರಿಗೆ ಕೂಡಿಸಿದ ಮೇಲೆ ಮತ್ತೆ ಪರೀಕ್ಷೆ ಬೇಕಾ?

ಬೇಕು. ಬಿಲ್ಲೆ, ಪಟ್ಟಿಗಳ ಪರೀಕ್ಷೆ ಬೇರೆ, ಸೀಲ್ ಜೊತೆ ಓಡುವುದು ಬೇರೆ. ನಾವು ಬೆಂಚಿನ ಮೇಲೆ ಸಿಲಿಂಡರನ್ನು ಹಿಂದೆ ಮುಂದೆ ಓಡಿಸುತ್ತೇವೆ. ವೈಪರ್ (ರಾಡಿನ ಧೂಳು ಒರೆಸುವ ಹೊರಗಿನ ಸೀಲ್) ಸುತ್ತ ಜರಡಿ ಹಿಡಿದ ಭೀಮಾ ಮರಳನ್ನು ನೀರಿನಲ್ಲಿ ಕಲಸಿ ಹಚ್ಚುತ್ತೇವೆ. ಸಂಜೆ ಬಿಳಿ ಬಟ್ಟೆಯಲ್ಲಿ ರಾಡ್ ಒರೆಸಿ ಎಣ್ಣೆಯ ಗುರುತು ನೋಡುತ್ತೇವೆ, ಆಮೇಲೆ ಸೀಲ್ ಬಿಚ್ಚಿ ಅದರ ತುಟಿ ನೋಡುತ್ತೇವೆ. ಸೀಲ್ ತುಟಿ ಹೇಳುವಷ್ಟು ಸತ್ಯವನ್ನು ಯಾವ ಕಾಗದವೂ ಹೇಳುವುದಿಲ್ಲ ಅನ್ನುವುದು ನನ್ನ ಅನುಭವ.

ಪರೀಕ್ಷೆ ಎಲ್ಲಿ ಮಾಡಿಸುವುದು?

ನಮಗೆ ಹತ್ತಿರ ಹೈದರಾಬಾದ್. ಅಲ್ಲಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಗಳಿವೆ. ಸ್ಪ್ರೇ ಕೋಟಿಂಗ್ ಮೇಲೆ ವರ್ಷಗಳಿಂದ ಸಂಶೋಧನೆ ಮಾಡುತ್ತಿರುವ ಎಆರ್‌ಸಿಐ ಸಂಸ್ಥೆಯೂ ಅಲ್ಲೇ ಇದೆ. ಬೆಂಗಳೂರು, ಪುಣೆಯಲ್ಲೂ ಮಾಡುತ್ತಾರೆ. ಮಾನ್ಯತೆ ಇದೆ ಅಂದ ಮಾತ್ರಕ್ಕೆ ಎಲ್ಲಾ ಪರೀಕ್ಷೆಗೂ ಇದೆ ಅಂತಲ್ಲ. ನಿಮಗೆ ಬೇಕಾದ ಪರೀಕ್ಷೆ ಅವರ ಪಟ್ಟಿಯಲ್ಲಿದೆಯಾ ನೋಡಿ.

ಮಾದರಿ ತುಂಡು ನಿಮ್ಮ ರಾಡ್ ಜೊತೆಯಲ್ಲೇ, ಅದೇ ದಿನ, ಅದೇ ಪುಡಿಯಿಂದ ಕೋಟಿಂಗ್ ಆಗಿರಬೇಕು. ಇದನ್ನು ಆರ್ಡರಿನಲ್ಲೇ ಬರೆಯಿರಿ. ಹೋದ ವರ್ಷದ ತುಂಡಿನ ವರದಿಯ ಜೆರಾಕ್ಸ್ ಕೊಡುವವರು ಇದ್ದಾರೆ.

ಗೀರು ಬಿದ್ದರೆ ತೇಪೆ ಹಾಕಬಹುದಾ?

ವೆಲ್ಡಿಂಗ್ ಆಗುವುದಿಲ್ಲ. ಎಪಾಕ್ಸಿ ತುಂಬಿ ಹಂಗಾಮು ಮುಗಿಯುವ ತನಕ ಓಡಿಸಬಹುದು. ಆಮೇಲೆ ಪೂರ್ತಿ ಗ್ರೈಂಡ್ ಮಾಡಿ ಹೊಸದಾಗಿ ಹೊಡೆಸಬೇಕು.

ರಾಡ್ ತರುವಾಗ ಏನೇನು ಹೇಳಬೇಕು?

ಯಂತ್ರ ಯಾವುದು, ಎಲ್ಲಿ ನಿಲ್ಲುತ್ತದೆ, ವರ್ಷದಲ್ಲಿ ಎಷ್ಟು ತಿಂಗಳು ಸುಮ್ನೆ ಇರುತ್ತದೆ, ನಿಂತಾಗ ರಾಡ್ ಒಳಗಿರುತ್ತದಾ ಹೊರಗಾ, ಮೇಲೆ ಏನು ಬೀಳುತ್ತದೆ. ಹಳೆ ಸೀಲನ್ನು ಎಸೆಯಬೇಡಿ, ಒರೆಸಲೂ ಬೇಡಿ. ಹೇಗಿದೆಯೋ ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನಿ. ರಾಡಿಗೆ ಗೋಣಿ ಸುತ್ತಿ, ತುದಿಯ ಮೆಟ್ಟಿಲಿಗೆ ಹಳೆ ಟ್ಯೂಬ್ ಕಟ್ಟಿ ಗಾಡಿಯಲ್ಲಿ ಮಲಗಿಸಿ.